ಓದುಗರ ಪ್ರಶ್ನೆಗೆ ಉತ್ತರ: ಟರ್ಮಿನಲ್ ಹೇಳುವ ಮಾತಿಗೆ ಹೊಣೆ ಯಾರು?

ಟರ್ಮಿನಲ್‌ನಲ್ಲಿ (ಆಜ್ಞೆ ಟೈಪಿಸುವ ಪರದೆಯಲ್ಲಿ) ಒಂದೇ ಪದ ಟೈಪಿಸಿದೊಡನೆ ಕಂಪ್ಯೂಟರಿನ ಜಾತಕವನ್ನೇ ತೆರೆದಿಡುವ ನಿಯೋಫೆಚ್, ಫಾಸ್ಟ್‌ಫೆಚ್, ಇಂಕ್ಸಿ ಮುಂತಾದ ಮುಕ್ತ ತಂತ್ರಾಂಶಗಳ ಕುರಿತು ಈ ಬಾರಿ ಹಲವು ಪ್ರಶ್ನೆಗಳು ಬಂದಿವೆ. ಉಡುಪಿಯ ಮನೆಯಲ್ಲಿ ಕುಳಿತು ಅಂತಹದೇ ಒಂದು ಪುಟ್ಟ ಉಪಕರಣವನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವವನಾದ್ದರಿಂದ, ಐದು ಪ್ರಶ್ನೆಗಳನ್ನು ಆರಿಸಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಓದಿ ಪರದೆಗೆ ಮುದ್ರಿಸುವುದಷ್ಟೇ ಇವುಗಳ ಕೆಲಸ. ಒಮ್ಮೆ ಬರೆದ ಮೇಲೆ ವರ್ಷಗಟ್ಟಲೆ ನಿರ್ವಹಿಸುವಂಥದ್ದು ಇದರಲ್ಲಿ ಏನಿದೆ? — ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಮಾಹಿತಿ ಒಂದೇ ಕಡೆ, ಒಂದೇ ರೂಪದಲ್ಲಿ ಇದ್ದಿದ್ದರೆ ನಿಮ್ಮ ಮಾತು ಸರಿಯಾಗುತ್ತಿತ್ತು. ಲಿನಕ್ಸ್ ವಿತರಣೆಯ (ಉಬುಂಟು, ಫೆಡೋರಾದಂತಹವುಗಳ) ಹೆಸರನ್ನು ತಿಳಿಯುವುದಕ್ಕೇ ಮೊದಲು ಒಂದೊಂದು ವಿತರಣೆಗೆ ಒಂದೊಂದು ಕಡತವನ್ನು ಹುಡುಕಬೇಕಿತ್ತು. 2012ರ ಹೊತ್ತಿಗೆ ಲಿನಕ್ಸನ್ನು ಆರಂಭಿಸಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಯೋಜನೆಯವರು ಓಎಸ್-ರಿಲೀಸ್ ಎಂಬ ಸಮಾನ ಕಡತವನ್ನು ರೂಢಿಗೆ ತಂದ ಮೇಲೆ ಆ ತಲೆನೋವು ಬಹಳಮಟ್ಟಿಗೆ ಇಳಿಯಿತು. ಪ್ರೊಸೆಸರಿನ ವಿಷಯದಲ್ಲಿ ಅಷ್ಟು ಅದೃಷ್ಟವಿಲ್ಲ. ಇಂಟೆಲ್ ಅಥವಾ ಎಎಂಡಿ ಚಿಪ್ ಇರುವ ಯಂತ್ರದಲ್ಲಿ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನ ಸಿಪಿಯುಇನ್ಫೋ ಕಡತವೇ ಮಾದರಿಯ ಹೆಸರನ್ನು ಹೇಳುತ್ತದೆ, ಆದರೆ ರಾಸ್ಪ್‌ಬೆರಿ ಪೈ 4ರಂತಹ ಆರ್ಮ್ ಯಂತ್ರದಲ್ಲಿ ಅದೇ ಕಡತ ತಯಾರಕರಿಗೊಂದು, ಭಾಗಕ್ಕೊಂದು ಸಂಕೇತಸಂಖ್ಯೆಯನ್ನು ಮಾತ್ರ ಕೊಡುವುದರಿಂದ, ಹೆಕ್ಸಾಡೆಸಿಮಲ್ 41 ಎಂದರೆ ಆರ್ಮ್, ಡಿ08 ಎಂದರೆ ಕಾರ್ಟೆಕ್ಸ್-ಎ72 ಎಂಬ ಪಟ್ಟಿಯನ್ನು ಉಪಕರಣವೇ ಇಟ್ಟುಕೊಳ್ಳಬೇಕಾಗುತ್ತದೆ. ಹೊಸ ಚಿಪ್ ಬಂದಂತೆಲ್ಲ ಆ ಪಟ್ಟಿ ಹಳತಾಗುತ್ತದೆ.

ಯಂತ್ರವೇ ತಪ್ಪು ಹೇಳುವ ಸಂದರ್ಭಗಳೂ ಇವೆ. ವಿಂಡೋಸ್ 11ರ ಆಂತರಿಕ ಸೆಟ್ಟಿಂಗುಗಳ ದಾಖಲೆಯಾದ ರಿಜಿಸ್ಟ್ರಿಯಲ್ಲಿ ಉತ್ಪನ್ನದ ಹೆಸರಿನ ಜಾಗದಲ್ಲಿ ವಿಂಡೋಸ್ 10 ಎಂದೇ ಉಳಿದಿರುವುದರಿಂದ, ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚಿದೆಯೇ ಎಂದು ನೋಡಿ ತೀರ್ಮಾನಿಸಬೇಕು. ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟ ಡೆಸ್ಕ್‌ಟಾಪಿನ ಮಾದರಿ ಯಾವುದೆಂದು ಕೇಳಿದರೆ ಮದರ್‌ಬೋರ್ಡು ಎಷ್ಟೋ ಸಲ 'ತಯಾರಕರು ಇಲ್ಲಿ ತುಂಬತಕ್ಕದ್ದು' ಎಂಬ ಅರ್ಥದ ವಾಕ್ಯವನ್ನೇ ಉತ್ತರವಾಗಿ ಕೊಡುತ್ತದೆ. ಅರ್ಜಿಯ ಖಾಲಿ ನಮೂನೆಯನ್ನೇ ದಾಖಲೆಯೆಂದು ಕೈಗಿತ್ತ ಹಾಗೆ. ಇಂತಹ ವಾಕ್ಯಗಳನ್ನು ಗುರುತಿಸಿ ಅಳಿಸಿಹಾಕುವ ಸಾಲುಗಳು ನಿಯೋಫೆಚ್‌ನಲ್ಲಿದ್ದವು, ನನ್ನ ಉಪಕರಣದಲ್ಲೂ ಇವೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಲಿನಕ್ಸ್ ಕರ್ನೆಲ್ ತಾಪಮಾನವನ್ನು ಡಿಗ್ರಿಯ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಕೊಡುತ್ತದೆ, ಅಂದರೆ 52000 ಎಂದಿದ್ದರೆ 52 ಡಿಗ್ರಿ ಸೆಲ್ಸಿಯಸ್. ಸಂವೇದಕ ಸಿಗದೆ ಹೋದಾಗ ಖಾಲಿ ಬಂದ ಉತ್ತರವನ್ನು ನನ್ನ ಉಪಕರಣ ಸಾವಿರದಿಂದ ಭಾಗಿಸಿ ಸೊನ್ನೆ ಎಂದು ಮುದ್ರಿಸುತ್ತಿತ್ತು. ಮೇ ತಿಂಗಳ ಸೆಖೆಯಲ್ಲಿ ಮಂಗಳೂರಿನಿಂದ ಒಬ್ಬರು ತಮ್ಮ ಲ್ಯಾಪ್‌ಟಾಪ್ ಮಂಜುಗಡ್ಡೆಯಾಗಿದೆಯೆಂದು ಬರೆದಾಗಲೇ ನನಗೆ ಅದು ಗೊತ್ತಾದದ್ದು. ಅಂದಿನಿಂದ, ಖಚಿತವಾಗಿ ಸಿಗದ ಮಾಹಿತಿಯ ಸಾಲನ್ನೇ ಮುದ್ರಿಸದಿರುವುದು ನನ್ನ ನಿಯಮವಾಗಿದೆ. ಪರದೆಯ ಮೇಲಿನ ಪ್ರತಿಯೊಂದು ಸಾಲೂ ಇನ್ನೊಬ್ಬರ ಯಂತ್ರದ ಬಗ್ಗೆ ನಾವು ಕೊಡುವ ಹೇಳಿಕೆ. ಆ ಹೇಳಿಕೆಯನ್ನು ನಂಬಿ ಅವರು ರ್‍ಯಾಮ್ ಕೊಳ್ಳುತ್ತಾರೆ, ದುರಸ್ತಿಗೆ ಕೊಡುತ್ತಾರೆ, ಬಗ್ ವರದಿ ಬರೆಯುತ್ತಾರೆ. ನಿರ್ವಹಣೆಯೆಂದರೆ ಮುಖ್ಯವಾಗಿ ಆ ಹೇಳಿಕೆಗಳು ಸುಳ್ಳಾಗದಂತೆ ಕಾಯುವುದು. ಹೊಸ ಸೌಲಭ್ಯ ಸೇರಿಸುವುದು ಅದರ ಸಣ್ಣ ಪಾಲು.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಇದೆಯೆಂದು ಬಿಲ್ಲಿನಲ್ಲಿದೆ. ಟರ್ಮಿನಲ್ 7.6 ಮತ್ತು 476 ಎನ್ನುತ್ತಿದೆ. ಮೋಸ ಹೋದೆನೇ? — ಓದುಗರು, ಕಾರ್ಕಳ

ಉತ್ತರ: ಇಲ್ಲ. ಎರಡೂ ಕಡೆ ಕೊರತೆ ಒಂದೇ ತೆರನಾಗಿ ಕಂಡರೂ ಕಾರಣಗಳು ಬೇರೆ ಬೇರೆ. ಡಿಸ್ಕ್ ಮಾರುವವರು ಒಂದು ಗಿಗಾಬೈಟ್ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ಉಪಕರಣ ಎಣಿಸುವುದು ಗಿಬಿಬೈಟಿನಲ್ಲಿ, ಅಂದರೆ 1024ನ್ನು ಮೂರು ಬಾರಿ ಗುಣಿಸಿದಾಗ ಬರುವ 107 ಕೋಟಿಗೂ ಮಿಕ್ಕಿದ ಬೈಟುಗಳಲ್ಲಿ. ಹಿಂದೆ ಊರಿಂದೂರಿಗೆ ಸೇರಿನ ಅಳತೆ ಬದಲಾಗುತ್ತಿದ್ದಂತೆ ಇಲ್ಲಿಯೂ ಅಕ್ಕಿ ಅಷ್ಟೇ ಇದೆ, ಸೇರು ದೊಡ್ಡದಾಗಿದೆ. ರ್‍ಯಾಮ್ ಮಾತ್ರ ಮೊದಲಿನಿಂದಲೂ ದೊಡ್ಡ ಸೇರಿನಲ್ಲೇ ಅಳೆದು ಮಾರುವ ಸರಕು. ಅಲ್ಲಿ ಕಡಿಮೆಯಾದದ್ದು ನಿಜವಾಗಿಯೂ ತೆಗೆದಿರಿಸಿದ ಪಾಲು, ಏಕೆಂದರೆ ಕರ್ನೆಲ್ ಹೇಳುವ ಒಟ್ಟು ಮೆಮೊರಿಯಲ್ಲಿ ಫರ್ಮ್‌ವೇರ್, ಒಳಗಿನ ಗ್ರಾಫಿಕ್ಸ್ ಮತ್ತು ಸ್ವತಃ ಕರ್ನೆಲ್ಲಿನ ಪ್ರೋಗ್ರಾಂ ಕಾದಿರಿಸಿಕೊಂಡ ಭಾಗ ಸೇರಿರುವುದಿಲ್ಲ.

ಬಳಕೆಯಾದ ಮೆಮೊರಿ ಎಷ್ಟೆಂಬುದು ಇನ್ನೂ ಜಟಿಲ. ಲಿನಕ್ಸ್ ಖಾಲಿ ರ್‍ಯಾಮನ್ನು ಸುಮ್ಮನೆ ಬಿಡದೆ ಡಿಸ್ಕಿನಿಂದ ಓದಿದ ಕಡತಗಳನ್ನು ಅದರಲ್ಲಿ ಇರಿಸಿಕೊಂಡು, ಬೇರೆ ಪ್ರೋಗ್ರಾಂ ಕೇಳಿದಾಗ ಬಿಟ್ಟುಕೊಡುತ್ತದೆ. ಇದನ್ನು ಬಳಕೆಯೆನ್ನಬೇಕೋ ಬೇಡವೋ ಎಂಬ ವಿಚಾರದಲ್ಲಿ ಉಪಕರಣಗಳಲ್ಲಿ ಒಮ್ಮತವಿಲ್ಲದ ಕಾರಣ ಒಂದೇ ಕ್ಷಣದಲ್ಲಿ ಒಂದೇ ಯಂತ್ರದಲ್ಲಿ ಎರಡು ಉಪಕರಣಗಳು ಎರಡು ಸಂಖ್ಯೆಗಳನ್ನು ಹೇಳುವುದುಂಟು. 2014ರಲ್ಲಿ ಬಂದ ಕರ್ನೆಲ್ 3.14, ಹೊಸ ಪ್ರೋಗ್ರಾಮಿಗೆ ಎಷ್ಟು ಸಿಗಬಹುದು ಎಂಬ ತನ್ನದೇ ಅಂದಾಜನ್ನು ಪ್ರತ್ಯೇಕ ಸಾಲಾಗಿ ಕೊಡಲು ಆರಂಭಿಸಿತು. ಒಟ್ಟಿನಿಂದ ಅದನ್ನು ಕಳೆದು ಬಂದದ್ದನ್ನು ಬಳಕೆ ಎನ್ನುವುದೇ ನನಗೆ ಸರಿಯೆನಿಸುತ್ತದೆ.

ಪ್ರಶ್ನೆ: ಕಂಪ್ಯೂಟರಿನ ಸೀರಿಯಲ್ ಸಂಖ್ಯೆ, ಐಪಿ ವಿಳಾಸ ಇವನ್ನೂ ತೋರಿಸುವ ಸೌಲಭ್ಯ ಸೇರಿಸಬೇಕೆಂದು ಬಳಕೆದಾರರು ಕೇಳುತ್ತಿದ್ದಾರೆ. ಸೇರಿಸಲೇ? — ಓದುಗರು, ಬಂಟ್ವಾಳ

ಉತ್ತರ: ಕೇಳಿದಾಗ ಮಾತ್ರ ತೋರಿಸುವಂತಿರಲಿ, ತಾನಾಗಿಯೇ ಬೇಡ. ಈ ಉಪಕರಣಗಳ ಪರದೆಚಿತ್ರವನ್ನು ಜನ ಎಲ್ಲರೂ ನೋಡುವಂತೆ ಹಂಚಿಕೊಳ್ಳುತ್ತಾರೆಂಬುದನ್ನು ನೆನಪಿಡಿ. ಲಿನಕ್ಸ್ ಕೂಡ ಯಂತ್ರದ ಸೀರಿಯಲ್ ಸಂಖ್ಯೆಯ ಕಡತವನ್ನು ರೂಟ್ ಎಂಬ ಪೂರ್ಣಾಧಿಕಾರದ ಬಳಕೆದಾರನಿಗಷ್ಟೇ ಓದಲು ಬಿಡುತ್ತದೆ, ಮತ್ತು ಇಂಕ್ಸಿಯಲ್ಲಿ ಝಡ್ ಎಂಬ ಆಯ್ಕೆ ಕೊಟ್ಟರೆ ಇಂತಹ ಗುರುತುಗಳೆಲ್ಲ ಮರೆಯಾಗುತ್ತವೆ.

ಪ್ರಶ್ನೆ: ಉಪಕರಣದ ಶೀರ್ಷಿಕೆಗಳನ್ನು ಕನ್ನಡದಲ್ಲಿ ತೋರಿಸಲು ಹೊರಟೆ. ಬಲಬದಿಯ ಸಾಲುಗಳೆಲ್ಲ ಅಂಕುಡೊಂಕಾದವು, ಕೆಲವೆಡೆ ಮಾಹಿತಿಯೇ ಮಾಯವಾಯಿತು. ದೋಷ ಎಲ್ಲಿದೆ? — ಉಪನ್ಯಾಸಕರು, ಮಣಿಪಾಲ

ಉತ್ತರ: ನೀವು ಹೇಳಿದ್ದು ಎರಡು ದೋಷಗಳು. ಟರ್ಮಿನಲ್ ಎಂಬುದು ಚೌಕುಳಿ ಪುಸ್ತಕದಂತೆ ಸಮಾನ ಮನೆಗಳ ಪುಟ. ಒಂದು ಅಕ್ಷರಕ್ಕೆ ಒಂದು ಮನೆ ಎಂಬ ಲೆಕ್ಕ ಇಂಗ್ಲಿಷಿಗೆ ಹೊಂದುತ್ತದೆ. 'ಸ್ಮೃತಿ' ಎಂದು ಬರೆದರೆ ಕಣ್ಣಿಗೆ ಎರಡು ಅಕ್ಷರ, ಯೂನಿಕೋಡಿನಲ್ಲಿ ಸ, ಅರ್ಧಾಕ್ಷರದ ವಿರಾಮದ ಗುರುತು, ಮ, ಋಕಾರದ ಗುರುತು, ತ, ಇಕಾರದ ಗುರುತು ಎಂದು ಆರು ಸಂಕೇತಬಿಂದುಗಳು, ಯುಟಿಎಫ್-8 ಎಂಬ ಶೇಖರಣಾ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಬಿಂದುವಿಗೂ ಮೂರು ಬೈಟ್ ಬೇಕಾದ್ದರಿಂದ ಹದಿನೆಂಟು ಬೈಟುಗಳು. ಎರಡೋ ಆರೋ ಹದಿನೆಂಟೋ ಎಂಬುದರಲ್ಲಿ ನಿಮ್ಮ ಪ್ರೋಗ್ರಾಂ ಒಂದನ್ನು ನಂಬುತ್ತದೆ, ಟರ್ಮಿನಲ್ ಇನ್ನೊಂದನ್ನು ನಂಬುತ್ತದೆ, ಒತ್ತಕ್ಷರ ಜೋಡಿಸುವ ಫಾಂಟ್ ಮೂರನೆಯದನ್ನು ಮಾಡುತ್ತದೆ. ಎಲ್ಲ ಟರ್ಮಿನಲ್‌ಗಳಲ್ಲೂ ಸರಿಹೋಗುವ ಎಣಿಕೆಯನ್ನು ಹುಡುಕುತ್ತ ಕೂರದೆ, ಖಾಲಿ ಜಾಗ ತುಂಬಿಸಿ ಸಾಲು ಹೊಂದಿಸುವ ಪದ್ಧತಿಯನ್ನೇ ಕೈಬಿಡಿ. ಲೋಗೋವನ್ನು ಮೊದಲು ಮುದ್ರಿಸಿ, ಕರ್ಸರನ್ನು ನಿಯಂತ್ರಣ ಸಂಕೇತದ ಮೂಲಕ ಪ್ರತಿ ಸಾಲಿನಲ್ಲೂ ನಿಗದಿತ ಮನೆಗೆ ಒಯ್ದು, ಅಲ್ಲಿಂದ ಶೀರ್ಷಿಕೆ, ಅದರ ಬೆನ್ನಿಗೇ ಮಾಹಿತಿ ಎಂದು ಮುದ್ರಿಸಿದರೆ ಎಡ ಅಂಚಾದರೂ ನೇರವಾಗಿ ನಿಲ್ಲುತ್ತದೆ.

ಮಾಹಿತಿ ಮಾಯವಾದದ್ದಕ್ಕೆ ಕಾರಣ ಲೊಕೇಲ್, ಅಂದರೆ ಭಾಷೆ ಮತ್ತು ಅಂಕಿ ಬರೆಯುವ ರೀತಿಯ ಸೆಟ್ಟಿಂಗ್. ನಿಮ್ಮ ಉಪಕರಣ ಬೇರೊಂದು ಆಜ್ಞೆಯನ್ನು ನಡೆಸಿ ಅದರ ಉತ್ತರದಲ್ಲಿ ಒಂದು ಇಂಗ್ಲಿಷ್ ಪದವನ್ನು ಹುಡುಕುತ್ತಿರಬೇಕು. ಭಾಷೆ ಬದಲಾದಾಗ ಆ ಆಜ್ಞೆಯ ಉತ್ತರವೂ ಅನುವಾದವಾಗಬಹುದು, ಕೆಲವು ಭಾಷೆಗಳಲ್ಲಿ ದಶಮಾಂಶ ಬಿಂದು ಅಲ್ಪವಿರಾಮವಾಗಿಬಿಡುತ್ತದೆ. ಇದೇ ಭಯದಿಂದ ನಿಯೋಫೆಚ್ ಇಡೀ ಪ್ರೋಗ್ರಾಮಿಗೆ ಅನುವಾದವಿಲ್ಲದ ಮೂಲರೂಪದ ಸಿ ಲೊಕೇಲನ್ನು ವಿಧಿಸುತ್ತಿತ್ತು. ನೀವು ಹಾಗೆ ಮಾಡಿದರೆ ಕನ್ನಡವೇ ಹೋಗುತ್ತದೆ. ಹೊರಗಿನ ಆಜ್ಞೆಗಳನ್ನು ಕರೆಯುವಾಗ ಮಾತ್ರ ಸಿ ಲೊಕೇಲ್, ಬಳಕೆದಾರನೊಡನೆ ಮಾತಾಡುವಾಗ ಅವನ ಭಾಷೆ ಎಂದು ವಿಂಗಡಿಸಿಕೊಳ್ಳಿ. ಅದಕ್ಕಿಂತಲೂ ಒಳ್ಳೆಯದೆಂದರೆ, ಸಾಧ್ಯವಿದ್ದ ಕಡೆಯೆಲ್ಲ ಆಜ್ಞೆಯ ಉತ್ತರವನ್ನು ಬಿಟ್ಟು ಕರ್ನೆಲ್ಲಿನ ಕಡತವನ್ನೇ ನೇರವಾಗಿ ಓದುವುದು. ಕರ್ನೆಲ್ ಈ ಕಡತಗಳನ್ನು ಯಾವ ಭಾಷೆಗೂ ಅನುವಾದಿಸುವುದಿಲ್ಲ.

ಪ್ರಶ್ನೆ: ನಾಲ್ಕು ವರ್ಷದಿಂದ ಒಬ್ಬನೇ ನೋಡಿಕೊಂಡಿರುವ ನನ್ನ ಉಪಕರಣಕ್ಕೆ ಉದ್ಯೋಗದಿಂದಾಗಿ ಇನ್ನು ಸಮಯ ಸಿಗದು. ಮುಖಪರಿಚಯವಿಲ್ಲದ, ಆದರೆ ಹಲವು ಒಳ್ಳೆಯ ಪ್ಯಾಚ್‌ಗಳನ್ನು (ತಿದ್ದುಪಡಿಗಳನ್ನು) ಕಳಿಸಿದ ಒಬ್ಬರು ವಹಿಸಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಕೊಡಲೇ, ಅಥವಾ ಮುಚ್ಚಲೇ? — ಓದುಗರು, ಕುಂದಾಪುರ

ಉತ್ತರ: ಈ ಪ್ರಶ್ನೆಗೆ 2024ರ ಮೊದಲು ನಾನು ಸಲೀಸಾಗಿ 'ಕೊಡಿ' ಎಂದುಬಿಡುತ್ತಿದ್ದೆ. ಆ ವರ್ಷದ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಭಿವರ್ಧಕರು, ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂಬ ಸಣ್ಣ ಅನುಮಾನದ ಜಾಡು ಹಿಡಿದು ಹೋಗಿ, ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿಟ್ಟಿದ್ದ ಹಿಂಬಾಗಿಲನ್ನು ಬಯಲಿಗೆಳೆದರು. ಅದನ್ನು ಸೇರಿಸಿದ್ದು ಎರಡು ವರ್ಷಗಳಿಗೂ ಹೆಚ್ಚು ಕಾಲ ಶ್ರದ್ಧೆಯಿಂದ ಪ್ಯಾಚ್ ಕಳಿಸಿ, ದಣಿದಿದ್ದ ಮೂಲ ನಿರ್ವಾಹಕರ ವಿಶ್ವಾಸ ಗಳಿಸಿ, ಸಹನಿರ್ವಾಹಕನಾದ ಖಾತೆ. ಬೇರೆ ಖಾತೆಗಳು ಕೆಲಸ ನಿಧಾನವಾಯಿತೆಂದು ಆ ನಿರ್ವಾಹಕರ ಮೇಲೆ ಒತ್ತಡ ಹೇರುತ್ತಿದ್ದವು ಎಂಬುದನ್ನು ಓದಿದಾಗ, ಒಬ್ಬಂಟಿಯಾಗಿ ಯೋಜನೆ ನಡೆಸಿದ ಯಾರಿಗಾದರೂ ಕಸಿವಿಸಿಯಾಗದಿರದು.

ನಮ್ಮದು ಬರಿಯ ಅಲಂಕಾರದ ಉಪಕರಣ, ಇದನ್ನು ಯಾರು ಕದಿಯುತ್ತಾರೆ ಎನ್ನಬೇಡಿ. ಅನೇಕರು ಇದನ್ನು ಶೆಲ್ಲಿನ ಆರಂಭದ ಕಡತದಲ್ಲಿಯೇ ಬರೆದಿಟ್ಟಿರುವುದರಿಂದ ಅವರು ಟರ್ಮಿನಲ್ ತೆರೆದಾಗಲೆಲ್ಲ ನಮ್ಮ ಪ್ರೋಗ್ರಾಂ ಓಡುತ್ತದೆ, ಮತ್ತು ಓಡುವಾಗ ಯಂತ್ರದ ಮೂಲೆಮೂಲೆಯನ್ನು ನೋಡುವುದೇ ಅದರ ಕೆಲಸವಾದ ಕಾರಣ ಯಾರೂ ಸಂಶಯಪಡುವುದಿಲ್ಲ.

ಹಾಗೆಂದು ಪ್ಯಾಚ್ ಕಳಿಸಿದವರನ್ನೆಲ್ಲ ಅನುಮಾನಿಸಿದರೆ ಮುಕ್ತ ತಂತ್ರಾಂಶ ನಡೆಯುವುದೇ ಇಲ್ಲ. ಒಂದೇ ದಿನ ಎಲ್ಲ ಕೀಲಿಗಳನ್ನೂ ಕೊಡಬೇಡಿ. ಇಶ್ಯೂಗಳಿಗೆ (ಬಳಕೆದಾರರ ದೂರುಗಳಿಗೆ) ಉತ್ತರಿಸುವ, ಗುರುತುಪಟ್ಟಿ ಹಚ್ಚುವ ಅಧಿಕಾರ ಮೊದಲು; ಪುಲ್ ರಿಕ್ವೆಸ್ಟ್ (ಇತರರು ಕಳಿಸಿದ ತಿದ್ದುಪಡಿಯ ಕೋರಿಕೆ) ಸೇರಿಸುವ ಅಧಿಕಾರ ಕೆಲವು ತಿಂಗಳ ಮೇಲೆ, ಅದೂ ಇನ್ನೊಬ್ಬರು ಓದಿ ಒಪ್ಪಿದ ಬಳಿಕ ಮಾತ್ರ ಸೇರುವಂತೆ; ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರ ಕಟ್ಟಕಡೆಗೆ. ದೇವಸ್ಥಾನದ ಕಾಣಿಕೆ ಡಬ್ಬಿಗೆ ಇಬ್ಬರು ಮೊಕ್ತೇಸರರ ಬಳಿ ಬೇರೆ ಬೇರೆ ಕೀಲಿ ಇದ್ದರೆ ಅದನ್ನು ಯಾರೂ ಅವಮಾನವೆಂದು ಭಾವಿಸುವುದಿಲ್ಲವಷ್ಟೆ. ಎಕ್ಸ್‌ಝಡ್ ಪ್ರಕರಣದಲ್ಲಿ ಹಿಂಬಾಗಿಲನ್ನು ಚಾಲೂ ಮಾಡುವ ಸಾಲುಗಳು ಎಲ್ಲರಿಗೂ ಕಾಣುವ ಮೂಲಸಂಗ್ರಹವಾದ ರೆಪಾಸಿಟರಿಯಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು. ಆದ್ದರಿಂದ ಬಿಡುಗಡೆಯ ಕಟ್ಟನ್ನು ಯಾರೂ ತಮ್ಮ ಲ್ಯಾಪ್‌ಟಾಪಿನಲ್ಲಿ ಕಟ್ಟದೆ, ಎಲ್ಲರಿಗೂ ಕಾಣುವ ಮೂಲದಿಂದಲೇ ತಾನಾಗಿ ತಯಾರಾಗುವಂತೆ ಮಾಡಿ.

ಇಷ್ಟಕ್ಕೆ ಬೇಕಾದ ಸಮಯವೂ ನಿಮ್ಮಲ್ಲಿ ಇಲ್ಲದಿದ್ದರೆ ಮುಚ್ಚಿ, ಅದರಲ್ಲಿ ನಾಚಿಕೆಯೇನಿಲ್ಲ. ಸುಮಾರು ನೂರೈವತ್ತು ಕಾರ್ಯಾಚರಣ ವ್ಯವಸ್ಥೆಗಳನ್ನು ಗುರುತಿಸುತ್ತಿದ್ದ ನಿಯೋಫೆಚ್‌ನ ಕರ್ತೃ, ತಾವು ಕೃಷಿಗಿಳಿದಿರುವುದಾಗಿ ಬರೆದು 2024ರ ಏಪ್ರಿಲ್‌ನಲ್ಲಿ ಅದನ್ನು ಆರ್ಕೈವ್ ಮಾಡಿದರು, ಅಂದರೆ ಓದಲಷ್ಟೇ ಸಿಗುವಂತೆ ಮುಚ್ಚಿಟ್ಟರು. ಅಡಿಕೆ ತೋಟವಿರುವ ನಮ್ಮ ಕಡೆಯ ಪ್ರೋಗ್ರಾಮರುಗಳಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಕ್ಕಿಲ್ಲ. ಆದರೆ ಅದರ ಕೊನೆಯ ಆವೃತ್ತಿಯಾದ 7.1.0 ಬಂದದ್ದು 2020ರಲ್ಲಿ. ನಡುವಣ ಸುಮಾರು ನಾಲ್ಕು ವರ್ಷ ಜನ ವರದಿ ಬರೆಯುತ್ತಲೇ ಇದ್ದರು, ಪ್ಯಾಚ್ ಕಳಿಸುತ್ತಲೇ ಇದ್ದರು. ಮುಚ್ಚಿದ ಮೇಲೆ ಬಳಕೆದಾರರು ಸಿ ಭಾಷೆಯಲ್ಲಿ ಬರೆದ ಫಾಸ್ಟ್‌ಫೆಚ್‌ನಂತಹ ಬೇರೆ ಉಪಕರಣಗಳಿಗೆ ನೆಮ್ಮದಿಯಿಂದ ಹೋದರು. ನನ್ನ ಮಟ್ಟಿಗೆ, ಕಷ್ಟ ಕೊಟ್ಟದ್ದು ಮುಚ್ಚಿದ್ದಲ್ಲ, ಅದಕ್ಕೆ ಮೊದಲಿನ ಮೌನ.

ಆದ್ದರಿಂದ ನೀವು ಮುಚ್ಚುವುದಾದರೆ ತಪ್ಪು ಮಾಹಿತಿ ತೋರಿಸುತ್ತದೆಂದು ನಿಮಗೆ ಗೊತ್ತಿರುವ ಸಾಲುಗಳನ್ನು ತೆಗೆದುಹಾಕಿ ಒಂದು ಕೊನೆಯ ಆವೃತ್ತಿ ಬಿಡುಗಡೆ ಮಾಡಿ, ವಿತರಣೆಗಳಲ್ಲಿ ನಿಮ್ಮ ಪ್ಯಾಕೇಜ್ ನೋಡಿಕೊಳ್ಳುವವರಿಗೆ ತಿಳಿಸಿ, ಬದಲಿ ಉಪಕರಣಗಳ ಹೆಸರನ್ನು ರೀಡ್‌ಮಿ ಕಡತದ ಮೊದಲ ಸಾಲಿನಲ್ಲೇ ಬರೆಯಿರಿ. ಆರ್ಕೈವ್ ಗುಂಡಿಯನ್ನು ಒತ್ತುವುದು ಇವೆಲ್ಲ ಆದ ಮೇಲೆ. ಒತ್ತಿದ ನಂತರ ರೆಪಾಸಿಟರಿ ಓದಲಿಕ್ಕೆ ಮಾತ್ರ ತೆರೆದಿರುವುದರಿಂದ, ಮರೆತ ಒಂದು ಸಾಲನ್ನು ಸೇರಿಸಬೇಕಾದರೂ ಅದನ್ನು ಮತ್ತೆ ತೆರೆಯಬೇಕಾಗುತ್ತದೆ.