ಎಐ ಚಿಪ್‌ಗೆ ಪವರ್ ಬಿಡಿಭಾಗ ಮಾಡುವ ಕಂಪನಿ: ಶೇರು ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ನೀವು ಕೇಳಿದ್ದು ಇಷ್ಟು: ಎಐ ಚಿಪ್‌ಗಳ ಬೇಡಿಕೆ ಏರುತ್ತಲೇ ಇದೆ, ಆ ಚಿಪ್‌ಗಳಿಗೆ ವಿದ್ಯುತ್ ಒದಗಿಸುವ ಬಿಡಿಭಾಗ ಮಾಡುವ ಕಂಪನಿಯೂ ಜೊತೆಜೊತೆಗೇ ಬೆಳೆಯಬೇಕಲ್ಲವೇ? ಬೆಳೆಯಲೇಬೇಕೆಂದೇನಿಲ್ಲ. ಇಂಥ ಬಿಡಿಭಾಗ ಮಾಡುವ ಅಮೆರಿಕದ ವೈಕರ್ ಕಂಪನಿಯ ಅಂಕಿ ನೋಡಿ. 2021ರಲ್ಲಿ ಅದರ ಆದಾಯ ಸುಮಾರು 36 ಕೋಟಿ ಡಾಲರ್, 2024ರಲ್ಲೂ ಸುಮಾರು 36 ಕೋಟಿ. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಎಐ ಚಿಪ್ ಮಾರುವ ಎನ್ವಿಡಿಯಾದ ಡೇಟಾ ಸೆಂಟರ್ ಆದಾಯ ವರ್ಷಕ್ಕೆ ಸುಮಾರು 1,060 ಕೋಟಿ ಡಾಲರ್ ಇದ್ದದ್ದು 11,500 ಕೋಟಿಗೆ ಮುಟ್ಟಿತು. 2021ರ ಕೊನೆಗೆ 150 ಡಾಲರ್ ದಾಟಿದ್ದ ವೈಕರ್ ಶೇರು 2024ರಲ್ಲಿ 40ಕ್ಕಿಂತ ಕೆಳಗೆ ಇಳಿದಿತ್ತು. 48 ವೋಲ್ಟ್ ವಿದ್ಯುತ್ತನ್ನು ಚಿಪ್‌ಗೆ ಬೇಕಾದಷ್ಟಕ್ಕೆ ಇಳಿಸುವ ಅದರ ತಂತ್ರಜ್ಞಾನ ಕಳಪೆಯೇನಲ್ಲ, ಬಹಳ ಒಳ್ಳೆಯದೇ. ಆದರೆ ಎನ್ವಿಡಿಯಾದ ಎಚ್100 ಚಿಪ್‌ನ ತಲೆಮಾರಿಗೆ ಬರುವಷ್ಟರಲ್ಲಿ ಬೋರ್ಡ್ ಮೇಲಿನ ಜಾಗ ಹೆಚ್ಚಾಗಿ ಪೈಪೋಟಿಯ ಕಂಪನಿ ಮೊನೊಲಿಥಿಕ್ ಪವರ್ ಸಿಸ್ಟಮ್ಸ್ ಪಾಲಾಗಿತ್ತು. ಈ ಕ್ಷೇತ್ರದಲ್ಲಿ ಚಿಪ್‌ನ ಪ್ರತಿ ತಲೆಮಾರಿಗೂ ಪೈಪೋಟಿ ಹೊಸದಾಗಿ ಶುರುವಾಗುತ್ತದೆ, ನಿಮ್ಮ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ಈ ಭಾಗಗಳಿಗೆ ಏಕಿಷ್ಟು ಬೆಲೆ ಎಂಬುದನ್ನು ಮೊದಲು ತಿಳಿಯಿರಿ. ಎನ್ವಿಡಿಯಾದ ಎ100 ಚಿಪ್‌ನ ದೊಡ್ಡ ಮಾದರಿ 400 ವ್ಯಾಟ್ ತಿನ್ನುತ್ತಿತ್ತು, ಎಚ್100 700 ವ್ಯಾಟ್, ಬಿ200 ಸುಮಾರು 1,000 ವ್ಯಾಟ್. ಚಿಪ್‌ನ ಒಳಗೆ ಬೇಕಾದ ವೋಲ್ಟೇಜ್ ಮಾತ್ರ 0.8ರ ಆಸುಪಾಸಿನಲ್ಲೇ ನಿಂತಿದೆ. 1,000 ವ್ಯಾಟನ್ನು 0.8 ವೋಲ್ಟ್‌ನಿಂದ ಭಾಗಿಸಿದರೆ 1,250 ಆಂಪಿಯರ್. ಆ ಕರೆಂಟು ಹರಿಯುವ ದಾರಿಯಲ್ಲಿ ಬರೀ 0.1 ಮಿಲಿಓಮ್ ರೋಧ ಇದ್ದರೂ 156 ವ್ಯಾಟ್ ಶಾಖವಾಗಿ ಹೋಗುತ್ತದೆ. ಅದಕ್ಕೇ ಕೊನೆಯ ಹಂತದ ಪರಿವರ್ತಕಗಳನ್ನು ಚಿಪ್‌ನ ಸುತ್ತ ಒತ್ತೊತ್ತಾಗಿ ಕೂರಿಸುತ್ತಾರೆ, ಈಗೀಗ ಚಿಪ್‌ನ ಕೆಳಗೇ ಇಡುವ ವಿನ್ಯಾಸಗಳೂ ಬಂದಿವೆ. ಪವರ್ ಸ್ಟೇಜ್ ಎಂದು ಕರೆಯುವ ಇಂಥ ಒಂದೊಂದು ಪರಿವರ್ತಕ ನಿರಂತರವಾಗಿ 50 ಆಂಪಿಯರ್ ಹೊತ್ತರೂ ಒಂದು ಚಿಪ್‌ಗೆ 25 ಬೇಕು. ಕ್ಷಣಮಾತ್ರದ ಏರಿಕೆಗೆ ಅವಕಾಶ ಬಿಟ್ಟರೆ ಇನ್ನೂ ಹೆಚ್ಚು. ಇವುಗಳ ಜೊತೆಗೆ ಅವನ್ನೆಲ್ಲ ನಿಯಂತ್ರಿಸುವ ಮಲ್ಟಿಫೇಸ್ ಕಂಟ್ರೋಲರ್, ಇಂಡಕ್ಟರ್, ರಾಶಿ ಕೆಪಾಸಿಟರ್, 48 ಅಥವಾ 54 ವೋಲ್ಟನ್ನು ಮಧ್ಯದ ಮಟ್ಟಕ್ಕೆ ಇಳಿಸುವ ಪರಿವರ್ತಕ. ನಿಮ್ಮ ಕಂಪನಿ ಇವುಗಳಲ್ಲಿ ಯಾವುದನ್ನು ಮಾರುತ್ತದೆ? ಇದಕ್ಕೆ ಉತ್ತರ ಗೊತ್ತಾಗುವವರೆಗೆ ಹಣ ಹಾಕಬೇಡಿ.

ಈಗ ಲೆಕ್ಕ. ಇಲ್ಲಿನ ಅಂಕಿಗಳು ವಿಧಾನ ತೋರಿಸಲು ಹಿಡಿದವು, ನಿಮ್ಮ ಅಂದಾಜನ್ನು ನೀವೇ ಹಾಕಿಕೊಳ್ಳಿ. ಒಂದು ಚಿಪ್‌ಗೆ 60 ಡಾಲರಿನ ಭಾಗಗಳು, ಕಂಪನಿಯ ಪಾಲು ಶೇ 50, ವರ್ಷಕ್ಕೆ 50 ಲಕ್ಷ ಚಿಪ್: ಒಟ್ಟು 15 ಕೋಟಿ ಡಾಲರ್. ಮುಂದಿನ ತಲೆಮಾರಿನಲ್ಲಿ ಪಾಲು ಶೇ 20ಕ್ಕೆ ಇಳಿಯಿತು ಎನ್ನಿ. ಅದೇ 15 ಕೋಟಿ ಉಳಿಸಿಕೊಳ್ಳಲು ಚಿಪ್‌ಗಳ ಸಂಖ್ಯೆ 1.25 ಕೋಟಿ ಆಗಬೇಕು. ಮಾರುಕಟ್ಟೆ ಎರಡೂವರೆ ಪಟ್ಟು ಬೆಳೆದರೂ ಕಂಪನಿ ಇದ್ದಲ್ಲೇ ಇರುತ್ತದೆ. ಪಾಲು ಇಳಿಯುವುದು ಅಪರೂಪವೂ ಅಲ್ಲ. ಕೆಲವೇ ಡಾಲರಿನ ಭಾಗಕ್ಕಾಗಿ ಸಾವಿರಾರು ಡಾಲರಿನ ಬೋರ್ಡ್ ನಿಲ್ಲಬಾರದೆಂದು ಚಿಪ್ ಕಂಪನಿಗಳು ಇನ್ಫಿನಿಯನ್, ರೆನೆಸಾಸ್‌ನಂಥ ಎರಡನೇ ಮೂರನೇ ಪೂರೈಕೆದಾರರನ್ನು ಬೇಕೆಂದೇ ಬೆಳೆಸುತ್ತವೆ. ಎನ್ವಿಡಿಯಾದ ಬ್ಲ್ಯಾಕ್‌ವೆಲ್ ತಲೆಮಾರಿನಲ್ಲಿ (ಬಿ200 ಇದರದ್ದೇ) ಪಾಲು ಕಡಿಮೆಯಾಗಬಹುದು ಎಂಬ ಒಂದೇ ವಿಶ್ಲೇಷಣಾ ವರದಿಗೆ 2024ರ ನವೆಂಬರ್‌ನಲ್ಲಿ ಮೊನೊಲಿಥಿಕ್ ಶೇರು ಒಂದೇ ದಿನದಲ್ಲಿ ಶೇ 10ಕ್ಕಿಂತ ಹೆಚ್ಚು ಬಿತ್ತು.

ಕಂಪನಿಯ 10-ಕೆ ವಾರ್ಷಿಕ ವರದಿಯನ್ನು ಅಮೆರಿಕದ ಶೇರುಪೇಟೆ ನಿಯಂತ್ರಕ ಎಸ್‌ಇಸಿಯ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಿ. ಅದರಲ್ಲಿ ವಿಭಾಗವಾರು ಮಾರಾಟದ ಕೋಷ್ಟಕ ಹುಡುಕಿ. ಮೊನೊಲಿಥಿಕ್‌ನಲ್ಲಿ ಈ ವಿಭಾಗದ ಹೆಸರು ಎಂಟರ್‌ಪ್ರೈಸ್ ಡೇಟಾ. 2024ರ ಒಟ್ಟು ಸುಮಾರು 220 ಕೋಟಿ ಡಾಲರ್ ಆದಾಯದಲ್ಲಿ ಇದು ಮೂರನೇ ಒಂದರಷ್ಟಿತ್ತು. ಆಮೇಲೆ ಶೇ 10ಕ್ಕಿಂತ ಹೆಚ್ಚು ಕೊಳ್ಳುವ ಗ್ರಾಹಕರ ಟಿಪ್ಪಣಿ ಓದಿ. ಇಲ್ಲಿ ಬಹಳ ಜನ ಎಡವುತ್ತಾರೆ: ವಿತರಕರ ಮೂಲಕ ಮಾರುವ ಕಂಪನಿಯಾದರೆ ಅಲ್ಲಿ ಕಾಣುವುದು ವಿತರಕರೇ ಹೊರತು ಕೊನೆಯ ಗ್ರಾಹಕನಲ್ಲ. ನಾಲ್ಕು ವಿತರಕರಿದ್ದಾರೆ, ಅಪಾಯ ಹಂಚಿಹೋಗಿದೆ ಎಂದು ಸಮಾಧಾನಪಡಬೇಡಿ. ನಾಲ್ವರೂ ಒಬ್ಬನೇ ಚಿಪ್ ಕಂಪನಿಯ ಬೋರ್ಡ್‌ಗಳಿಗೆ ಸರಕು ಕಳಿಸುತ್ತಿರಬಹುದು.

ದಾಸ್ತಾನಿನ ದಿನಗಳನ್ನು ನೀವೇ ಲೆಕ್ಕ ಹಾಕಿ: ದಾಸ್ತಾನಿನ ಮೊತ್ತವನ್ನು ಆ ತ್ರೈಮಾಸಿಕದಲ್ಲಿ ಮಾರಿದ ಸರಕಿನ ವೆಚ್ಚದಿಂದ ಭಾಗಿಸಿ 90ರಿಂದ ಗುಣಿಸಿ. ಮುಂದಿನ ತ್ರೈಮಾಸಿಕದ ಮಾರಾಟ ಏರುತ್ತದೆಂದು ಕಂಪನಿ ಹೇಳುತ್ತಿರುವಾಗ ದಿನಗಳು ಹೆಚ್ಚಿದರೆ ಅದು ಸಿದ್ಧತೆ. ಮುನ್ನೋಟ ಚಪ್ಪಟೆಯಾಗಿದ್ದೂ ದಿನಗಳು ಹೆಚ್ಚಿದರೆ ಸರಕು ನಿಂತಿದೆ ಎಂದರ್ಥ. ಕೊರತೆಯ ಕಾಲದಲ್ಲಿ ಗ್ರಾಹಕರು ಇಬ್ಬರು ಮೂವರಿಗೆ ಆರ್ಡರ್ ಕೊಟ್ಟು, ಕೊರತೆ ನೀಗಿದೊಡನೆ ರದ್ದು ಮಾಡುವುದು ಈ ಉದ್ಯಮದ ಹಳೆಯ ರೋಗ.

ಇನ್ನು ಪಿಇ ಅನುಪಾತ, ಅಂದರೆ ಶೇರಿನ ಬೆಲೆ ಒಂದು ಶೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬುದು. ಜಾಲತಾಣಗಳಲ್ಲಿ ಕಾಣುವ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಮೊನೊಲಿಥಿಕ್‌ನ 2024ರ ನಿವ್ವಳ ಲಾಭ ಸುಮಾರು 179 ಕೋಟಿ ಡಾಲರ್ ಎಂದು ಕಾಣುತ್ತದೆ, ಆದರೆ ಅದರಲ್ಲಿ ಸುಮಾರು 130 ಕೋಟಿ ಒಮ್ಮೆ ಮಾತ್ರ ಬರುವ ತೆರಿಗೆ ಲಾಭ, ಕಾಗದದ ಮೇಲಿನದು. ಅದನ್ನು ಕಳೆಯದೆ ಪಿಇ ನೋಡಿದವರಿಗೆ ದುಬಾರಿ ಶೇರು ಅಗ್ಗವಾಗಿ ಕಂಡಿತು. ಹಾಗೆಯೇ ಹೊಂದಾಣಿಕೆ ಮಾಡಿ ತೋರಿಸುವ ಲಾಭದಲ್ಲಿ ನೌಕರರಿಗೆ ಕೊಡುವ ಶೇರುಗಳ ವೆಚ್ಚವನ್ನು ಬಿಟ್ಟಿರುತ್ತಾರೆ. ಅದು ನಿಜವಾದ ವೆಚ್ಚ, ನಿಮ್ಮ ಪಾಲಿನಿಂದಲೇ ಹೋಗುವುದು. ಕಳೆದೇ ಲೆಕ್ಕ ಹಾಕಿ.

ಡೇಟಾ ಸೆಂಟರ್‌ನ ಸರ್ವರ್ ಕಪಾಟುಗಳಿಗೆ (ರ‍್ಯಾಕ್) 54ರ ಬದಲು 800 ವೋಲ್ಟ್‌ನಲ್ಲಿ ವಿದ್ಯುತ್ ಕೊಡುವ ಸುದ್ದಿಯ ಬಗ್ಗೆಯೂ ಕೇಳಿದ್ದೀರಿ. ಕಾರಣ ಸರಳ: ಒಂದು ರ‍್ಯಾಕ್ 1 ಮೆಗಾವ್ಯಾಟ್ ಎಳೆದರೆ 54 ವೋಲ್ಟ್‌ನಲ್ಲಿ ಸುಮಾರು 18,500 ಆಂಪಿಯರ್, 800 ವೋಲ್ಟ್‌ನಲ್ಲಿ 1,250 ಮಾತ್ರ. ಹಳೆಯ ಪದ್ಧತಿಯಲ್ಲಿ ಅಂಥ ಒಂದು ರ‍್ಯಾಕ್‌ಗೆ 200 ಕಿಲೋವರೆಗೆ ತಾಮ್ರದ ಬಸ್‌ಬಾರ್ (ವಿದ್ಯುತ್ ಹರಿಯುವ ದಪ್ಪ ಪಟ್ಟಿ) ಬೇಕಾದೀತೆಂದು ಎನ್ವಿಡಿಯಾ ಹೇಳಿದೆ, 2027ರಿಂದ ಬದಲಾವಣೆ ಶುರುಮಾಡುವ ಯೋಜನೆಯನ್ನು 2025ರ ಮೇನಲ್ಲಿ ಪ್ರಕಟಿಸಿದೆ. ಇದರಿಂದ ಕೆಲಸ ಹೆಚ್ಚುವುದು ವಿದ್ಯುತ್ ಒಳಬರುವ ಮುಂಭಾಗದ ಹಂತಗಳಲ್ಲಿ, ಹೆಚ್ಚು ವೋಲ್ಟೇಜ್ ತಾಳುವ ಗ್ಯಾಲಿಯಂ ನೈಟ್ರೈಡ್ ಮತ್ತು ಸಿಲಿಕಾನ್ ಕಾರ್ಬೈಡ್ ಭಾಗಗಳನ್ನು ಮಾಡುವವರಿಗೆ. ಚಿಪ್ ಪಕ್ಕದ 0.8 ವೋಲ್ಟ್ ಹಂತ ಹಾಗೇ ಉಳಿಯುತ್ತದೆ. ಆ ಪ್ರಕಟಣೆಯಲ್ಲಿ ಹೆಸರು ಬಂದೊಡನೆ ಇಂಥ ಭಾಗ ಮಾಡುವ ನ್ಯಾವಿಟಾಸ್ ಕಂಪನಿಯ ಶೇರು ಒಂದೇ ದಿನದಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಅದರ 2024ರ ಆದಾಯ ಸುಮಾರು 8.3 ಕೋಟಿ ಡಾಲರ್, ಅದೂ ನಷ್ಟದಲ್ಲಿ. ಸಹಯೋಗದ ಪ್ರಕಟಣೆ ಎಂದರೆ ಆರ್ಡರ್ ಅಲ್ಲ. ನಷ್ಟದಲ್ಲಿರುವ ಕಂಪನಿಗಳು ಬೆಲೆ ಜಿಗಿದಾಗ ಹೊಸ ಶೇರು ಮಾರಿ ಹಣ ಎತ್ತುವುದು ಸಾಮಾನ್ಯ, ಆದ್ದರಿಂದ ಒಟ್ಟು ಶೇರುಗಳ ಸಂಖ್ಯೆಯನ್ನು ಪ್ರತಿ ತ್ರೈಮಾಸಿಕ ಹೋಲಿಸಿ.

ಇಷ್ಟಾದ ಮೇಲೂ ಕೊಳ್ಳುವ ಮನಸ್ಸಿದ್ದರೆ ಇಂಥ ಒಂದು ಕಂಪನಿಗೆ ಒಟ್ಟು ಹೂಡಿಕೆಯ ಶೇ 3ಕ್ಕಿಂತ ಹೆಚ್ಚು ಬೇಡ ಎಂದೇ ನನ್ನ ಅಭಿಪ್ರಾಯ. ಅದನ್ನೂ ಮೂರು ಭಾಗ ಮಾಡಿ, ಒಂದೊಂದನ್ನು ತ್ರೈಮಾಸಿಕ ಫಲಿತಾಂಶ ಓದಿದ ಮೇಲೆ ಹಾಕಿ. ಮಾರುವ ಷರತ್ತನ್ನು ಕೊಳ್ಳುವ ದಿನವೇ ಬರೆದಿಡಿ. ನಾನು ಸೂಚಿಸುವುದು ಇದು: ಎಐ ಚಿಪ್ ಮಾರಾಟ ಏರುತ್ತಿರುವಾಗ ಕಂಪನಿಯ ಡೇಟಾ ಸೆಂಟರ್ ವಿಭಾಗ ಸತತ ಎರಡು ತ್ರೈಮಾಸಿಕ ಇಳಿದರೆ ಪಾಲು ಕೈತಪ್ಪಿದೆ ಎಂದು ತಿಳಿದು ಹೊರಬನ್ನಿ. ಒಂದೇ ತ್ರೈಮಾಸಿಕ ಇಳಿದರೆ ಕಾಯಬಹುದು, ತಲೆಮಾರು ಬದಲಾಗುವ ಹೊತ್ತಿನಲ್ಲಿ ಹಳೆಯ ಭಾಗಗಳ ಆರ್ಡರ್ ನಿಂತು ಹೊಸದು ಶುರುವಾಗುವ ನಡುವೆ ಅಂಥ ಬಿಡುವು ಬರುತ್ತದೆ.