ಗಾಳಿ ತುಂಬುವ ಪ್ಯಾಡಲ್‌ಬೋರ್ಡ್: ಹಚ್ಚಿದ ತೇಪೆ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಕಲ್ಲು ತಾಗಿ ನನ್ನ ಪ್ಯಾಡಲ್‌ಬೋರ್ಡಿನ (ನೀರಿನ ಮೇಲೆ ನಿಂತು ಹುಟ್ಟು ಹಾಕುವ ಹಲಗೆ) ಅಡಿಯಲ್ಲಿ ಸಣ್ಣ ತೂತಾಗಿದೆ. ಕಿಟ್‌ನಲ್ಲಿದ್ದ ಅಂಟಿನಿಂದ ಮೂರು ಬಾರಿ ತೇಪೆ ಹಚ್ಚಿದೆ. ಪ್ರತಿ ಸಲವೂ ಎರಡೇ ದಿನದಲ್ಲಿ ಅಂಚು ಎದ್ದು ಬರುತ್ತದೆ. ಇನ್ನೂ ಗಟ್ಟಿಯಾದ ಅಂಟು ಯಾವುದು?

ಈ ಪ್ರಶ್ನೆಗೆ ನಾನು ಎಷ್ಟು ಬಾರಿ ಉತ್ತರಿಸಿದ್ದೇನೋ ಲೆಕ್ಕವಿಲ್ಲ, ಮತ್ತು ಪ್ರತಿ ಬಾರಿಯೂ ಕೇಳುವವರು ಅಂಟಿನ ಹೆಸರನ್ನಷ್ಟೇ ಬಯಸುತ್ತಾರೆ. ಅಂಟು ಬದಲಿಸುವ ಮಾತು ಆಮೇಲೆ. ಮೊದಲು ಹಳೆಯ ಮೂರು ಪದರಗಳನ್ನು ಪೂರ್ತಿ ತೆಗೆಯಿರಿ. ಈಚೆಗೆ ನನ್ನ ಮೇಜಿಗೆ ಬಂದ ಒಂದು ಬೋರ್ಡಿನಲ್ಲಿ ತೇಪೆಯ ಮೇಲೆ ತೇಪೆ, ಅದರ ಮೇಲೆ ಮತ್ತೊಂದು ತೇಪೆ ಕುಳಿತಿತ್ತು; ಉಗುರಿನಿಂದ ಎಬ್ಬಿಸಿದಾಗ ಮೂರೂ ಒಟ್ಟಿಗೆ ಕಿತ್ತು ಬಂದವು, ಕೆಳಗಿನ ಪಿವಿಸಿ, ಅಂದರೆ ಬೋರ್ಡಿನ ಹೊರಮೈಯ ಪ್ಲಾಸ್ಟಿಕ್, ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಅಂಟು ಅಂಟಿಗೇ ಅಂಟಿಕೊಂಡಿತ್ತೇ ಹೊರತು ಬೋರ್ಡನ್ನು ಹಿಡಿದಿರಲೇ ಇಲ್ಲ.

ಬೋರ್ಡಿನ ಒಳಗೆ ಮೇಲಿನ ಮತ್ತು ಕೆಳಗಿನ ಬಟ್ಟೆಗಳನ್ನು ಸಾವಿರಾರು ಸಣ್ಣ ದಾರಗಳು ಬಿಗಿದು ಹಿಡಿದಿರುವುದರಿಂದಲೇ ಅದು 15 ಪಿಎಸ್‌ಐ ಒತ್ತಡದಲ್ಲಿಯೂ ದಿಂಬಿನಂತೆ ಉಬ್ಬದೆ ಹಲಗೆಯಂತೆ ನಿಲ್ಲುತ್ತದೆ. ಆ ಒತ್ತಡವೆಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ, ಮತ್ತು ಅದು ತೂತಿನ ಮೂಲಕ ತೇಪೆಯನ್ನು ಹಗಲಿರುಳೂ ಒಳಗಿನಿಂದ ತಳ್ಳುತ್ತಿರುತ್ತದೆ. ಹೊಳಪಿರುವ, ಜಿಡ್ಡಿರುವ ಅಥವಾ ತೇವವಿರುವ ಮೇಲ್ಮೈಯ ಮೇಲೆ ಯಾವ ಅಂಟೂ ಆ ತಳ್ಳುವಿಕೆಯನ್ನು ತಡೆಯಲಾರದು. ಕೈಯಲ್ಲಿದ್ದ ಸನ್‌ಸ್ಕ್ರೀನ್, ಹೊಳಪಿಗೆಂದು ಹೊಡೆದ ಸ್ಪ್ರೇ, ಪಿವಿಸಿಯೇ ಹೊರಸೂಸುವ ಎಣ್ಣೆಯಂಥ ಅಂಶ, ಇವೆಲ್ಲ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ತೆರೆದ ಜಾಗದಲ್ಲಿ, ಕೈಗವಸು ಹಾಕಿಕೊಂಡು, ಬಿಳಿ ಬಟ್ಟೆಗೆ ಸ್ವಲ್ಪ ಅಸಿಟೋನ್ ತಾಗಿಸಿ ಒರೆಸಿರಿ. ಬಟ್ಟೆಗೆ ಬೋರ್ಡಿನ ಬಣ್ಣ ಹತ್ತಿ ಹೊಳಪು ಮಾಸಿತೆಂದರೆ ಸಾಕು. ಅಸಿಟೋನನ್ನು ಸುರಿದು ನೆನೆಸಿದರೆ ಪಿವಿಸಿಯೇ ಹಾಳಾಗುತ್ತದೆ. ತೇಪೆಯ ಹಿಂಬದಿಯನ್ನೂ ಹೀಗೆಯೇ ಒರೆಸಬೇಕು, ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ತೇವದ ವಿಷಯದಲ್ಲಿ ನಾನು ಅತಿಯಾಗಿ ಎಚ್ಚರ ವಹಿಸುತ್ತೇನೆ ಎನ್ನುವವರಿದ್ದಾರೆ. ಆದರೆ ತೂತಾದ ಬೋರ್ಡ್ ನೀರಿನ ಮೇಲಿದ್ದಷ್ಟು ಹೊತ್ತೂ ಒಳಗೆ ಒಂದಿಷ್ಟು ನೀರು ಸೇರಿರಬಹುದು, ಮತ್ತು ನೀವು ಅಂಟು ಹಚ್ಚಿ ಒತ್ತುವ ಕ್ಷಣದಲ್ಲಿಯೇ ಆ ನೀರು ತೂತಿನಿಂದ ಜಿನುಗಿ ಅಂಟಿನ ನಡುವೆ ಕೂರುತ್ತದೆ. ಗಾಳಿಯನ್ನು ಪೂರ್ತಿ ತೆಗೆದು, ವಾಲ್ವ್ ತೆರೆದಿಟ್ಟು, ಕನಿಷ್ಠ ಒಂದು ದಿನ ಒಣಗಲು ಬಿಡಿ. ನಿಮ್ಮ ಅಂಟು ಎರಡು ಭಾಗಗಳ ಪಾಲಿಯುರೆಥೇನ್ ಆಗಿದ್ದರೆ, ಅದಕ್ಕೆ ಬೆರೆಸುವ ಗಟ್ಟಿಕಾರಕವು ಗಾಳಿಯ ತೇವದೊಂದಿಗೂ ವರ್ತಿಸುವುದರಿಂದ, ಮಳೆ ಹಿಡಿದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ತೇಪೆಯನ್ನು ದುಂಡಗೆ ಕತ್ತರಿಸಿ. ಮೂಲೆಗಳಿದ್ದರೆ ಅಲ್ಲಿಂದಲೇ ಏಳುತ್ತದೆ. ತೂತಿನ ಸುತ್ತ ಎಲ್ಲ ಕಡೆಗೂ 5 ಸೆಂ.ಮೀ. ಹರಡಿರಲಿ. ಬೋರ್ಡಿಗೂ ತೇಪೆಗೂ ತೆಳುವಾಗಿ ಒಂದು ಪದರ ಅಂಟು ಸವರಿ, ಬೆರಳಿನ ಹಿಂಬದಿ ತಾಗಿಸಿದರೆ ಎಳೆ ಏಳದಷ್ಟು ಒಣಗಿದ ಮೇಲೆ ಎರಡನೆಯ ಪದರ ಸವರಿ, ಅದೂ ಹಾಗೆಯೇ ಒಣಗಿದ ಬಳಿಕ ಹೇರ್‌ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ, ಒಂದು ಬದಿಯಿಂದ ನಿಧಾನವಾಗಿ ತೇಪೆ ಇಳಿಸಿ, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿನತ್ತ ಬಲವಾಗಿ ಉಜ್ಜಿರಿ. ಒದ್ದೆ ಅಂಟಿನ ಮೇಲೆಯೇ ತೇಪೆ ಕೂರಿಸುವ ಅವಸರವೇ ನಿಮ್ಮ ಮೂರು ಸೋಲುಗಳ ಕಾರಣವಿರಬೇಕು. ಭಾರವಿಟ್ಟು 24 ಗಂಟೆ ಮುಟ್ಟಬೇಡಿ. ಆಮೇಲೆ ಅರ್ಧ ಒತ್ತಡಕ್ಕೆ ಮಾತ್ರ ಗಾಳಿ ತುಂಬಿ, ಸಾಬೂನು ನೀರು ಸವರಿ, ಗುಳ್ಳೆ ಏಳುತ್ತದೆಯೇ ಎಂದು ಅಂಚನ್ನೆಲ್ಲ ನೋಡಿ. ಕಿಟ್‌ನ ಅಂಟು ವರ್ಷಗಟ್ಟಲೆ ಚೀಲದಲ್ಲಿದ್ದು ಮಂದವಾಗಿದ್ದರೆ, ಆಗ ಮಾತ್ರ ಹೊಸದನ್ನು ಕೊಳ್ಳಿ.

ಪ್ರಶ್ನೆ: ಸೈಕಲ್ ಟ್ಯೂಬಿನ ಸೊಲ್ಯೂಶನ್ ಅಥವಾ ಸೂಪರ್‌ಗ್ಲೂ ಸಾಕಲ್ಲವೇ? ಲೈಟರಿನಿಂದ ಕರಗಿಸಿ ಮುಚ್ಚಬಹುದೆಂದೂ ಒಂದು ವಿಡಿಯೋದಲ್ಲಿ ನೋಡಿದೆ.

ಮೂರೂ ಬೇಡ. ಮೊದಲನೆಯದು ರಬ್ಬರಿಗೆ ಮಾಡಿದ್ದು, ಎರಡನೆಯದು ಒಣಗಿ ಬಿರುಸಾಗಿ ಬೋರ್ಡ್ ಮಡಿಸಿದೊಡನೆ ಬಿರುಕು ಬಿಡುತ್ತದೆ. ಬೆಂಕಿಯ ಉಪಾಯ ಹೇಳಿಕೊಡುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ: ಪಿವಿಸಿ ಸುಟ್ಟರೆ ಶ್ವಾಸಕೋಶವನ್ನು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಸಣ್ಣ ತೂತು ಅಂಗೈಯಗಲ ಆಗುತ್ತದೆ. ಸಿಲಿಕೋನ್ ಸೀಲಂಟ್ ಕೂಡ ಬೇಡ, ಅದು ತಾಗಿದ ಜಾಗದಲ್ಲಿ ಮುಂದೆ ಸರಿಯಾದ ಅಂಟೂ ಹಿಡಿಯುವುದಿಲ್ಲ.

ಪ್ರಶ್ನೆ: ಬಿಸಿಲಿನಲ್ಲಿ ತುಂಬಿದ ಬೋರ್ಡ್ ನೀರಿಗಿಳಿದ ಮೇಲೆ ಮೆತ್ತಗಾಗುತ್ತದೆ. ತೂತು ಮಾತ್ರ ಎಲ್ಲಿಯೂ ಕಾಣುತ್ತಿಲ್ಲ.

ತೂತು ಇಲ್ಲದೆಯೂ ಹೀಗಾಗುತ್ತದೆ. ಒಳಗಿನ ಗಾಳಿ 40 ಡಿಗ್ರಿಯಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ತಣಿದರೆ 15 ಪಿಎಸ್‌ಐ ಇದ್ದದ್ದು ತಾನಾಗಿ ಸುಮಾರು 13ಕ್ಕೆ ಇಳಿಯುತ್ತದೆ. ತಣಿದ ಮೇಲೆ ಮತ್ತೆ ತುಂಬಿ ನೋಡಿ. ಆಗಲೂ ಇಳಿದರೆ ಮೊದಲು ವಾಲ್ವಿನ ಒಳಗೆ ಸಾಬೂನು ನೀರು ಹಾಕಿ. ಅದರ ರಬ್ಬರ್ ತಟ್ಟೆಯ ಕೆಳಗೆ ಸಿಕ್ಕಿಕೊಂಡ ಒಂದೇ ಒಂದು ಮರಳಿನ ಕಣ ರಾತ್ರಿಯಿಡೀ ಗಾಳಿ ಬಿಡಬಲ್ಲದು. ಅದನ್ನು ತೊಳೆದ ಮೇಲೂ ಗುಳ್ಳೆ ನಿಲ್ಲದಿದ್ದರೆ, ಬೋರ್ಡಿನ ಗಾಳಿ ತೆಗೆದು, ವಾಲ್ವಿಗೆಂದೇ ಬರುವ ಕೀಲಿಯಿಂದ ಅದನ್ನು ಬಿಗಿ ಮಾಡಿ.

ಪ್ರಶ್ನೆ: ಪಕ್ಕದ ಅಂಚಿನ ಜೋಡಣೆ ಬಿಟ್ಟಿದೆ. ನಾನೇ ಅಂಟಿಸಲೇ?

ಬೇಡ. ವಾರಂಟಿ ಇದ್ದರೆ ತಯಾರಕರಿಗೆ, ಇಲ್ಲದಿದ್ದರೆ ಗಾಳಿ ದೋಣಿಗಳನ್ನು ರಿಪೇರಿ ಮಾಡುವವರಿಗೆ ಕೊಡಿ.

ಪ್ರಶ್ನೆ: ಬೋರ್ಡಿನ ನಡುವೆ ಬೋಗುಣಿಯಂತೆ ಒಂದು ಉಬ್ಬು ಎದ್ದಿದೆ, ಗಾಳಿ ಸೋರುತ್ತಿಲ್ಲ. ಬಳಸಬಹುದೇ?

ಬಳಸಬಾರದು. ಅಲ್ಲಿ ಒಳಗಿನ ದಾರಗಳು ಹರಿದಿವೆ, ಹೊರಗಿನಿಂದ ಹಚ್ಚುವ ಯಾವ ತೇಪೆಯೂ ಅವನ್ನು ಜೋಡಿಸುವುದಿಲ್ಲ. ಸುತ್ತಲಿನ ದಾರಗಳ ಮೇಲೆ ಈಗ ಹೆಚ್ಚು ಎಳೆತ ಬೀಳುತ್ತಿರುವುದರಿಂದ ಉಬ್ಬು ಬೆಳೆಯುತ್ತಲೇ ಹೋಗುತ್ತದೆ. ಇಂದೇ ಗಾಳಿ ಬಿಟ್ಟುಬಿಡಿ.