ಮನೆ ಪಕ್ಕದ ಐಸ್ ಪ್ಲಾಂಟ್

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ, ಕಡಲ ಬದಿ. ಆಚೆ ಕಂಪೌಂಡಿನಲ್ಲೇ ಐಸ್ ಪ್ಲಾಂಟ್. ಕೆಲವು ರಾತ್ರಿ, ಐಸ್ ಮಾಡಲು ಬಳಸುವ ಅಮೋನಿಯಾ ಗ್ಯಾಸಿನ ವಾಸನೆಗೆ ಮಗು ಕೆಮ್ಮುತ್ತಾ ಏಳುತ್ತದೆ. ಕೇಳಿದರೆ, "ನಮ್ಮದು ಸಣ್ಣ ಪ್ಲಾಂಟ್, ಕಾನೂನೆಲ್ಲ ದೊಡ್ಡ ಫ್ಯಾಕ್ಟರಿಗೆ" ಅನ್ನುತ್ತಾರೆ. ನಿಜವಾ ಅಣ್ಣಾ?
– ಒಬ್ಬ ತಾಯಿ, ಕುಂಬಳೆ

ಉತ್ತರ: ಅರ್ಧ ನಿಜ ತಂಗಿ. ಆ ಅರ್ಧವೇ ನನಗೆ ಸಿಟ್ಟು ತರಿಸುವುದು.

1984ರಲ್ಲಿ ಭೋಪಾಲ್ ದುರಂತ ಆಯಿತಲ್ಲ, ಆಮೇಲೆ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂತು. ಅದರಲ್ಲಿ ಅಮೋನಿಯಾಕ್ಕೆ ಹತ್ತಾರು ಟನ್ನಿನ ಗಡಿ. ಅಷ್ಟು ಇಟ್ಟುಕೊಂಡವರು ತುರ್ತು ಯೋಜನೆ ಬರೆದಿಡಬೇಕು, ಆರು ತಿಂಗಳಿಗೊಮ್ಮೆ ಅಣಕು ಕಸರತ್ತು (ಮಾಕ್ ಡ್ರಿಲ್) ಮಾಡಬೇಕು, ಸುತ್ತಲಿನವರಿಗೆ ತಿಳಿಸಬೇಕು. ಮೀನಿಗೆ ಐಸ್ ಮಾಡುವ ಸಣ್ಣ ಪ್ಲಾಂಟಿನಲ್ಲಿ ಅಷ್ಟು ಎಲ್ಲಿರುತ್ತದೆ? ನಿಯಮ ಟನ್ ಅಳೆಯಿತು, ಮಗುವಿನ ತೊಟ್ಟಿಲು ಎಷ್ಟು ದೂರ ಎಂದು ಅಳೆಯಲಿಲ್ಲ. ಇದು ಬದಲಾಗಲೇಬೇಕು.

ನಾನು 22 ವರ್ಷ ಐಸ್ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದೆ. ಒಂದು ಸಲ ಸಿಸ್ಟಮ್‌ನಿಂದ ಎಣ್ಣೆ ತೆಗೆಯುವಾಗ ವಾಲ್ವ್ ಕೈಕೊಟ್ಟಿತು. ಎಣ್ಣೆ ಮುಗಿದು ಅಮೋನಿಯಾ ನುಗ್ಗಿತು. ಮಾಸ್ಕ್ ಇತ್ತು, ಆದರೆ ಆಫೀಸಿನ ಕಪಾಟಿನಲ್ಲಿ, ಬೀಗ ಹಾಕಿ. ಜೊತೆಗಿದ್ದ ಒಡಿಶಾದ ಹುಡುಗನಿಗೆ ಮಲಯಾಳದ ಬೋರ್ಡ್ ಓದಲು ಬರುತ್ತಿರಲಿಲ್ಲ. ಅವನು ಗಾಳಿ ಬೀಸುವ ಕಡೆಗೇ ಓಡಿದ, ಗ್ಯಾಸ್ ಅವನ ಬೆನ್ನಿಗೇ ಬಂತು. ಬದುಕಿದ, ಆದರೆ ಕಣ್ಣಿಗೆ ತಿಂಗಳುಗಟ್ಟಲೆ ಔಷಧ ಹಾಕಬೇಕಾಯಿತು. ಅಲ್ಲಿದ್ದದ್ದು ಒಂದು ಟನ್ನೂ ಅಲ್ಲ.

ಇನ್ನು ಉಳಿದರ್ಧ. ವಿಷವಸ್ತುವನ್ನು ಅಜಾಗರೂಕತೆಯಿಂದ ಬಳಸಿ ಜನರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 286ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಆಗಬಹುದು. ಅಲ್ಲಿ ಟನ್ ಲೆಕ್ಕ ಇಲ್ಲ. ವಾಸನೆ ಬಂದ ದಿನ, ಗಂಟೆ, ಮಗುವಿನ ಕೆಮ್ಮು ಎಲ್ಲ ಬರೆದಿಟ್ಟು ಪಂಚಾಯತ್, ಫ್ಯಾಕ್ಟರೀಸ್ ಆ್ಯಂಡ್ ಬಾಯ್ಲರ್ಸ್ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಪ್ಲಾಂಟಿನವರು ಉರಿಯುವ ಗಂಧಕದ ಬತ್ತಿ ಹಿಡಿದು ಪೈಪ್ ಜೋಡಣೆಗಳನ್ನು ನೋಡುತ್ತಾರಾ, ಮಾಸ್ಕ್ ಬಾಗಿಲ ಹೊರಗೆ ಇಟ್ಟಿದ್ದಾರಾ ಎಂದು ಕೇಳಿ. ಸೋರಿಕೆ ಇದ್ದಲ್ಲಿ ಬತ್ತಿಯಿಂದ ಬಿಳಿ ಹೊಗೆ ಏಳುತ್ತದೆ.

ರಾತ್ರಿ ವಾಸನೆ ಜೋರಾಗಿ ಬಂದರೆ ಮಗುವಿನ ಮೂಗು-ಬಾಯಿಗೆ ಒದ್ದೆ ಬಟ್ಟೆ ಹಿಡಿಯಿರಿ. ಗಾಳಿಗೆ ಅಡ್ಡವಾಗಿ ಹೊರಡಿ, 112ಕ್ಕೆ ಫೋನ್ ಮಾಡಿ. ಬೆನ್ನಿಗೆ ಗಾಳಿ ಹೊಡೆಯುತ್ತಿದ್ದರೆ ದಿಕ್ಕು ಬದಲಿಸಿ.